ಗರ್ಭನಿರೋಧಕ ಮಾತ್ರೆ ಮತ್ತು ಮುಂದಿನ ಗರ್ಭಧಾರಣೆ

ಗರ್ಭನಿರೋಧಕ ಮಾತ್ರೆಗಳನ್ನು ಸೇವಿಸಿದ ಸ್ತ್ರೀಗೆ ಮುಂದೆ ಸಂತಾನವಾಗದೆಂಬ ಭಯ ಅನೇಕ ಕುಟುಂಬಗಳಲ್ಲಿದೆ. ಮಕ್ಕಳಾಗುವುದು ತಡವಾದರೆ ಸೊಸೆಯ ಮೇಲೆ ತಪ್ಪು ಹೊರಿಸುವುದೂ ಉಂಟು. ಈ ಭಯಕ್ಕೆ ವೈದ್ಯಕೀಯ ಆಧಾರವಿಲ್ಲ.

ಸರ್ಕಾರವು ಉಚಿತವಾಗಿ ವಿತರಿಸುವ ಮಾಲಾ-ಎನ್ ಪೊಟ್ಟಣದಲ್ಲಿ 21 ಹಾರ್ಮೋನ್ ಮಾತ್ರೆಗಳೂ 7 ಕಬ್ಬಿಣಾಂಶದ ಮಾತ್ರೆಗಳೂ ಇರುತ್ತವೆ. ಹಾರ್ಮೋನುಗಳು ಅಂಡಾಶಯದಿಂದ ಅಂಡಾಣು ಬಿಡುಗಡೆಯಾಗುವುದನ್ನು ತಡೆಯುತ್ತವೆ. ಸೇವನೆ ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳೊಳಗೆ ಋತುಚಕ್ರ ಮೊದಲಿನಂತಾಗುತ್ತದೆ. ‘ಅಂತರಾ’ ಚುಚ್ಚುಮದ್ದಿನ ವಿಷಯ ಬೇರೆ. ಕೊನೆಯ ಚುಚ್ಚುಮದ್ದಿನ ನಂತರ ಗರ್ಭ ನಿಲ್ಲಲು ಸರಾಸರಿ 7ರಿಂದ 10 ತಿಂಗಳು ಹಿಡಿಯಬಹುದು. ಇದು ವಿಳಂಬವೇ ಹೊರತು ಬಂಜೆತನವಲ್ಲ.

ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ 2008ರಲ್ಲಿ ಪ್ರನಾಳ ಶಿಶು ಚಿಕಿತ್ಸೆಯ ಸೌಲಭ್ಯ ಆರಂಭವಾಯಿತು. ಇಂತಹ ಚಿಕಿತ್ಸೆಗೆ ಮುನ್ನ, ಅಂಡಾಣು ಸಂಗ್ರಹದ ದಿನವನ್ನು ಗೊತ್ತುಪಡಿಸಲು, ವೈದ್ಯರೇ ಕೆಲವೊಮ್ಮೆ ಎರಡರಿಂದ ನಾಲ್ಕು ವಾರ ಈ ಬಗೆಯ ಮಾತ್ರೆಗಳನ್ನು ಕೊಡುವುದುಂಟು. ಆದರೆ ‘ಆಂಟಗೊನಿಸ್ಟ್’ ಎಂಬ ಚಿಕಿತ್ಸಾಕ್ರಮದಲ್ಲಿ ಹೀಗೆ ಮಾಡಿದರೆ ಗರ್ಭ ನಿಲ್ಲುವ ಸಂಭವ ತುಸು ಕಡಿಮೆಯೆಂದು ಕಂಡುಬಂದಿದೆ. ಆದುದರಿಂದ ಯುರೋಪಿನ ತಜ್ಞರ 2019ರ ಮಾರ್ಗಸೂಚಿ ಅದನ್ನು ಶಿಫಾರಸು ಮಾಡಿಲ್ಲ. ಮಾತ್ರೆ ಸೇವಿಸುತ್ತಿರುವಾಗ ಅಂಡಾಶಯದ ಶಕ್ತಿಯನ್ನು ಅಳೆಯುವ ರಕ್ತಪರೀಕ್ಷೆಯ ಪ್ರಮಾಣವೂ ತಾತ್ಕಾಲಿಕವಾಗಿ ತಗ್ಗಬಹುದು. ಹಿಂದೆ ಸೇವಿಸಿದ ಹಾಗೂ ಈಗ ಸೇವಿಸುತ್ತಿರುವ ಮಾತ್ರೆಗಳ ವಿವರವನ್ನು ವೈದ್ಯರಿಗೆ ಮರೆಮಾಚದೆ ತಿಳಿಸಬೇಕು.

ಗರ್ಭನಿರೋಧಕ ಬಿಟ್ಟು ಒಂದು ವರ್ಷವಾದರೂ, ಪತ್ನಿಗೆ 35 ವರ್ಷ ಮೀರಿದ್ದರೆ ಆರು ತಿಂಗಳಾದರೂ, ಗರ್ಭ ನಿಲ್ಲದಿದ್ದಲ್ಲಿ ವೈದ್ಯರನ್ನು ಕಾಣುವುದು ಒಳಿತು. ಕಾರಣವು ಪತಿಯಲ್ಲಿಯೂ ಇರಬಹುದಾದುದರಿಂದ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳುವುದು ಅಗತ್ಯ.