ಜೋಡಿಗಣದ ನಡೆ

ಛಂದಸ್ಸೆಂದೊಡನೆ ವಿದ್ಯಾರ್ಥಿಗಳ ಮುಖ ಬಾಡುವುದನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ. ಪ್ರಸ್ತಾರ ಹಾಕಿರೆಂದರೆ ತಪ್ಪಿಲ್ಲದೆ ಗೆರೆ ಎಳೆಯುವವರೇ, ಆ ಪದ್ಯವನ್ನು ಓದಿರೆಂದರೆ ಗಣಗಣಕ್ಕೂ ನಿಂತು ಮುಗ್ಗರಿಸುತ್ತಾರೆ. ಅಂಕ ದೊರೆಯುತ್ತದೆ, ಪದ್ಯ ದೊರೆಯುವುದಿಲ್ಲ. ಈ ಮಹಾನಗರದಲ್ಲಿ ಬೀದಿಯ ನುಡಿ ಬೇರೆ, ಅಂಗಡಿಯ ನುಡಿ ಬೇರೆ. ಕನ್ನಡವನ್ನು ಕಿವಿತುಂಬ ಕೇಳುವ ಅವಕಾಶ ನಿಮಗೆ ಮನೆ ಮತ್ತು ಶಾಲೆಗಳಲ್ಲಿಯೇ ಹೆಚ್ಚು. ಹೀಗಿರುವಾಗ ಪದ್ಯದ ನಡೆಯೂ ಕೈಬಿಟ್ಟರೆ ನಷ್ಟ ಸಣ್ಣದಲ್ಲ. ಈ ತೊಡಕನ್ನು ಬಿಡಿಸಲು ಪ್ರಾಚೀನ ಗ್ರೀಕರ ಒಂದು ಪಾರಿಭಾಷಿಕ ಪದ ನಮಗೆ ನೆರವಾಗುತ್ತದೆ.

ಆ ಪದ 'ದಿಪೊದಿಯಾ'. ಇಂಗ್ಲಿಷಿನಲ್ಲಿ ಅದು 'ಡಿಪೊಡಿ' ಎನಿಸಿದೆ. ಎರಡು ಹೆಜ್ಜೆಗಳ ಕೂಟವೆಂದು ಅದರ ಅರ್ಥ. ಗ್ರೀಕರು ಪದ್ಯದ ಕಿರಿಯ ಘಟಕವನ್ನು 'ಪಾದ'ವೆಂದೇ ಕರೆದರು. ಅವರ 'ಪೌಸ್' ಮತ್ತು ಸಂಸ್ಕೃತದ 'ಪಾದ' ಒಂದೇ ಮೂಲದವು. ಆದರೆ ನಮ್ಮಲ್ಲಿ ಪಾದವೆಂದರೆ ಪದ್ಯದ ಇಡೀ ಸಾಲು. ದ್ವಿಪದಿಯೆಂದರೆ ಎರಡು ಸಾಲಿನ ಪದ್ಯ. ಗೊಂದಲವಾಗದಂತೆ ನಾವು ಇದನ್ನು 'ಜೋಡಿಗಣ'ವೆನ್ನೋಣ.

ಗ್ರೀಕ್ ದುರಂತ ನಾಟಕಗಳ ಸಂಭಾಷಣೆ ಬಹುಮಟ್ಟಿಗೆ 'ಅಯಾಂಬ್' ಎಂಬ ಗಣದಲ್ಲಿದೆ. ಲಘುವಿನ ಮೇಲೆ ಗುರು ಬಂದರೆ ಅಯಾಂಬ್. ಒಂದು ಸಾಲಿನಲ್ಲಿ ಇಂತಹ ಗಣಗಳು 6. ಆದರೂ ಗ್ರೀಕರು ಅದನ್ನು 'ಟ್ರಿಮೀಟರ್', ಅಂದರೆ ಮೂರಳತೆಯ ಸಾಲು, ಎಂದರು. ಆರನ್ನು ಮೂರೆಂದುದೇಕೆ?

ಕಾರಣವು ಗಣದೊಳಗಿಲ್ಲ, ಜೋಡಿಯಲ್ಲಿದೆ. 'ಮನೋಹರಾ' ಎಂಬ ಶಬ್ದವನ್ನು ನೋಡಿರಿ: ಲಘು, ಗುರು, ಲಘು, ಗುರು. 'ಆಶಾಲತಾ' ಎಂಬುದನ್ನು ನೋಡಿರಿ: ಗುರು, ಗುರು, ಲಘು, ಗುರು. ಎರಡೂ ಆ ಛಂದಸ್ಸಿಗೆ ಸಲ್ಲುತ್ತವೆ. ಜೋಡಿಯ ಮೊದಲ ಅಕ್ಷರ ಲಘುವಾಗಬಹುದು, ಗುರುವೂ ಆಗಬಹುದು; ಮೂರನೆಯದು ಮಾತ್ರ ಲಘುವಾಗಿಯೇ ಇರಬೇಕು. ಬಿಡಿಗಣವಾಗಿ ಕತ್ತರಿಸಿದರೆ, ಒಂದು ಗಣಕ್ಕೆ ಇರುವ ಸ್ವಾತಂತ್ರ್ಯ ಮುಂದಿನದಕ್ಕೆ ಏಕಿಲ್ಲವೆಂಬುದು ತಿಳಿಯದು. ಜೋಡಿಯಾಗಿ ಹಿಡಿದೊಡನೆ ನಿಯಮ ಬೆಳಗುತ್ತದೆ: ಸ್ವಾತಂತ್ರ್ಯ ಹೊಸ್ತಿಲಿನಲ್ಲಿ, ಕಟ್ಟು ಮನೆಯೊಳಗೆ. ಆದರೆ ಹೋಮರನ ಮಹಾಕಾವ್ಯಗಳಲ್ಲಿ ಗುರು, ಲಘು, ಲಘುವೆಂಬ, ನಮ್ಮ ಭಗಣದಂತಹ, ಗಣವನ್ನು ಬಿಡಿಬಿಡಿಯಾಗಿಯೇ ಎಣಿಸುವರು. ಅಲ್ಲಿ 6 ಗಣಕ್ಕೆ ಆರಳತೆಯೆಂದೇ ಹೆಸರು.

ಕ್ರಿ.ಪೂ. 472ರಲ್ಲಿ ಪ್ರದರ್ಶಿತವಾದ ಈಸ್ಕಿಲಸನ ನಾಟಕವೊಂದನ್ನು ಬಿ. ಎಂ. ಶ್ರೀಕಂಠಯ್ಯನವರು 'ಪಾರಸಿಕರು' ಎಂದು 1935ರಲ್ಲಿ ಕನ್ನಡಕ್ಕೆ ತಂದರು. ಮೂಲದ ಮಾತುಗಳಲ್ಲಿರುವುದು ಈ ಜೋಡಿನಡೆಯೇ.

ನಮ್ಮ ಛಂದಸ್ಸು ಗ್ರೀಕರಿಂದ ಬಂದುದಲ್ಲ. ಆದರೆ ಜೋಡಿಯನ್ನು ಕೇಳುವ ಕಿವಿ ನಮಗೂ ಬೇಕು. ಕುಮಾರವ್ಯಾಸನ ಭಾಮಿನೀ ಷಟ್ಪದಿಯಲ್ಲಿ 3 ಮಾತ್ರೆಯ ಗಣದ ಬೆನ್ನಿಗೇ 4 ಮಾತ್ರೆಯ ಗಣ ಬರುತ್ತದೆ. 1, 2, 4, 5ನೆಯ ಸಾಲುಗಳಲ್ಲಿ ಇಂತಹ ಜೋಡಿಗಳು ಎರಡೆರಡು. 3 ಮತ್ತು 6ನೆಯ ಸಾಲುಗಳಲ್ಲಿ ಮೂರು ಮೂರು, ಕೊನೆಗೊಂದು ಗುರು. ಪಾಠಕ್ಕಾಗಿ ನಾವೇ ಹೆಣೆದ ಸಾಲು ಇದು:

ನಗರ ಮಲಗಿತು ಹಣತೆ ಬೆಳಗಿತು

'ನಗರ' ಎಂದು ನಿಂತರೆ ಕುಂಟುತ್ತದೆ. 'ನಗರ ಮಲಗಿತು' ಎಂದು ಒಂದೇ ಉಸಿರಿನಲ್ಲಿ ಹೇಳಿರಿ. ಕಿರುಹೆಜ್ಜೆಯೂ ನೀಳಹೆಜ್ಜೆಯೂ ಕೂಡಿ 7 ಮಾತ್ರೆಯ ನಡೆಯಾಗುತ್ತದೆ. ಒಂಟಿ ಕಾಲನ್ನು ಊರಿದಷ್ಟರಿಂದ ಯಾರೂ ನಡೆದಂತಾಗಲಿಲ್ಲ. ಇನ್ನೊಂದು ಕಾಲು ಬಂದು ಸೇರಿದಾಗಲೇ ನಡಿಗೆ.

ಪ್ರಸ್ತಾರದ ಗೆರೆಗಳನ್ನು ಅವಶ್ಯವಾಗಿ ಎಳೆಯಿರಿ. ಬಳಿಕ ಪುಸ್ತಕ ಮುಚ್ಚಿ, ಜೋಡಿಗೊಂದು ಚಪ್ಪಾಳೆಯಂತೆ ತಟ್ಟುತ್ತ ಪದ್ಯವನ್ನು ಗಟ್ಟಿಯಾಗಿ ಹೇಳಿರಿ. ಮನೆಯಲ್ಲಿ ಹಿರಿಯರಿದ್ದರೆ ಅವರಿಂದಲೂ ಹೇಳಿಸಿ ಕೇಳಿರಿ. ಗೆರೆಯಲ್ಲಿ ಅಡಗಿದ ಲಯ ಅಂದು ನಾಲಗೆಗೆ ಬರುತ್ತದೆ. ನಾಲಗೆಗೆ ಬಂದ ಕನ್ನಡವನ್ನು ಯಾವ ಊರೂ ನಿಮ್ಮಿಂದ ಕಸಿದುಕೊಳ್ಳಲಾರದು.