ಪ್ರಿಂಟ್ ಒತ್ತಿದರೂ ರಸೀದಿ ಬರದಿದ್ದಾಗ

ಭಾನುವಾರದ ನನ್ನ ಕಂಪ್ಯೂಟರ್ ತರಗತಿಗೆ ಬರುವ ಗೃಹಿಣಿಯೊಬ್ಬರು ಒಮ್ಮೆ ಮನೆಯ ಲ್ಯಾಪ್‌ಟಾಪನ್ನೇ ಹೊತ್ತು ತಂದಿದ್ದರು. ಮಗಳ ಪರೀಕ್ಷಾ ಶುಲ್ಕ ಕಟ್ಟಿಯಾಗಿದೆ, ದುಡ್ಡು ಹೋದ ಮೆಸೇಜೂ ಬಂದಿದೆ, ರಸೀದಿ ಮಾತ್ರ ಇಲ್ಲ. ‘ಪ್ರಿಂಟ್ ಒತ್ತಿದ್ರೆ ಏನೂ ಆಗ್ತಿಲ್ಲ ಸರ್, ಸೈಟೇ ಸರಿ ಇಲ್ಲ’ ಎನ್ನುತ್ತ ನನ್ನೆದುರಿಗೇ ನಾಲ್ಕು ಸಲ ಒತ್ತಿ ತೋರಿಸಿದರು. ಏನೋ ಆಗಿತ್ತು, ಅವರು ನೋಡಿರಲಿಲ್ಲ ಅಷ್ಟೇ. ಮೇಲೆ ಅಡ್ರೆಸ್ ಬಾರ್‌ನ ಬಲತುದಿಯಲ್ಲಿ, ನಕ್ಷತ್ರದ ಗುರುತಿನ ಹತ್ತಿರ, ಅವರೆಕಾಳಿನಷ್ಟು ಸಣ್ಣ ಕಿಟಕಿಯ ಚಿತ್ರ ಮೂಡಿತ್ತು. ಅದರ ಮೂಲೆಯಲ್ಲೊಂದು ಕೆಂಪು ಗುರುತು. ರಸೀದಿ ಬಂದಿತ್ತು, ಬ್ರೌಸರ್ ಅದನ್ನು ಹೊರಗೇ ನಿಲ್ಲಿಸಿತ್ತು.

ಯಾಕೆ ನಿಲ್ಲಿಸಬೇಕು? ನೀವು ಓದುತ್ತಿರುವ ಪುಟ ತಾನಾಗಿ ಇನ್ನೊಂದು ಕಿಟಕಿ ತೆರೆದರೆ ಅದಕ್ಕೆ ಪಾಪ್-ಅಪ್ ಎನ್ನುತ್ತಾರೆ. ಪಾಪ್-ಅಪ್ ಜಾಹೀರಾತು ಹುಟ್ಟಿದ್ದು 1990ರ ದಶಕದ ಕೊನೆಯಲ್ಲಿ, ಅಮೆರಿಕದ ಟ್ರೈಪಾಡ್ ಎಂಬ ಕಂಪನಿಯಲ್ಲಿ. ಬಳಕೆದಾರರೇ ಪುಟ ಕಟ್ಟಿಕೊಳ್ಳುವ ತಾಣ ಅದು. ತನ್ನ ಜಾಹೀರಾತು ಒಂದು ಅಶ್ಲೀಲ ಪುಟದ ಮೇಲೆ ಕೂತಿದೆಯೆಂದು ಕಾರು ಕಂಪನಿಯೊಂದು ಕೂಗಾಡಿತಂತೆ. ಆಗ ಈಥನ್ ಝುಕರ್‌ಮನ್ ಎಂಬ ಉದ್ಯೋಗಿ, ಜಾಹೀರಾತು ಪುಟದೊಳಗೆ ಇರುವುದೇ ಬೇಡ, ಬೇರೆ ಕಿಟಕಿಯಲ್ಲಿ ಬರಲಿ ಎಂದು ಕೋಡ್ ಬರೆದರು. ಆಮೇಲಿನ ಕೆಲವು ವರ್ಷ ಇಂಟರ್‌ನೆಟ್ ಸೆಂಟರಿನಲ್ಲಿ ಕೂತವರಿಗೆಲ್ಲ ನೆನಪಿರುತ್ತದೆ: ಒಂದನ್ನು ಮುಚ್ಚಿದರೆ ಮೂರು ಏಳುತ್ತಿದ್ದವು, ಥೇಟ್ ರಕ್ತಬೀಜಾಸುರ. 2014ರಲ್ಲಿ ಪತ್ರಿಕಾ ಲೇಖನವೊಂದರಲ್ಲಿ ಝುಕರ್‌ಮನ್ ಕ್ಷಮೆ ಕೇಳಿದರು. ಅಷ್ಟರೊಳಗೆ ಬ್ರೌಸರ್‌ಗಳು ತಮ್ಮ ದಾರಿ ಕಂಡುಕೊಂಡಿದ್ದವು. 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಜೊತೆ ಇಂಟರ್‌ನೆಟ್ ಎಕ್ಸ್‌ಪ್ಲೋರರಿಗೂ ತಡೆ ಬಂತು.

ಈ ತಡೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಮುಂದಿನದ್ದೆಲ್ಲ ಇದರಿಂದಲೇ ತಿಳಿಯುತ್ತದೆ. ಬರುವ ಕಿಟಕಿಯಲ್ಲಿ ರಸೀದಿ ಇದೆಯೋ ರಮ್ಮಿ ಆಟದ ಜಾಹೀರಾತು ಇದೆಯೋ ಬ್ರೌಸರಿಗೆ ಗೊತ್ತಾಗುವುದಿಲ್ಲ. ಅದು ನೋಡುವುದು ಒಂದನ್ನೇ: ಈ ಕಿಟಕಿ ತೆರೆಯುವ ಮುಂಚೆ ಮನುಷ್ಯನೊಬ್ಬ ಏನನ್ನಾದರೂ ಒತ್ತಿದನೇ? ಒತ್ತಿದ ಕೂಡಲೇ ತೆರೆದರೆ ಬಿಡುತ್ತದೆ, ಯಾರೂ ಒತ್ತದೆ ತೆರೆದರೆ ತಡೆಯುತ್ತದೆ. ಆದರೆ ಒತ್ತಿದ್ದರ ನೆನಪು ಅದಕ್ಕೆ ಕೆಲವೇ ಸೆಕೆಂಡು. ನೀವು ‘ಪ್ರಿಂಟ್’ ಒತ್ತುತ್ತೀರಿ. ತಾಣ ತನ್ನ ಸರ್ವರನ್ನು ಕೇಳುತ್ತದೆ. ಸರ್ವರ್ ರಸೀದಿ ಹುಡುಕಿ ಕೊಡುವಷ್ಟರಲ್ಲಿ ಏಳೆಂಟು ಸೆಕೆಂಡು ಕಳೆದಿರುತ್ತದೆ. ಆಗ ಕಿಟಕಿ ತೆರೆಯಹೊರಟರೆ ಬ್ರೌಸರ್ ಕಣ್ಣಿಗೆ ಅದು ಯಾರೂ ಕರೆಯದೆ ಬಂದದ್ದು. ಕೊನೆಯ ದಿನಾಂಕದ ರಾತ್ರಿ ಎಲ್ಲರೂ ಮುಗಿಬಿದ್ದಾಗ ಕೆಟ್ಟಂತೆ ಕಂಡ ತಾಣ ಮರುದಿನ ಬೆಳಗ್ಗೆ ಸರಿಯಾಗಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಇದು ತಾಣ ಕಟ್ಟಿದವರ ಸೋಮಾರಿತನ ಎಂದೇ ನನ್ನ ಅಭಿಪ್ರಾಯ. ರಸೀದಿಯನ್ನು ಅದೇ ಪುಟದಲ್ಲಿ ತೋರಿಸಿದರೆ ಮುಗಿಯಿತು, ಹೊಸ ಕಿಟಕಿ ಯಾಕೆ ಬೇಕು? ಇರಲಿ, ತಾಣ ಬದಲಾಗುವ ತನಕ ರಸೀದಿ ಕಾಯುವುದಿಲ್ಲ.

ಆ ಕೆಂಪು ಗುರುತಿನ ಮೇಲೆ ಒತ್ತಿದೆವು. ಸಣ್ಣ ಪೆಟ್ಟಿಗೆ ತೆರೆದುಕೊಂಡು, ಈ ತಾಣದ ಪಾಪ್-ಅಪ್‌ಗಳನ್ನು ಯಾವಾಗಲೂ ಬಿಡಬೇಕೇ ಅಥವಾ ತಡೆಯುತ್ತಲೇ ಇರಬೇಕೇ ಎಂದು ಕೇಳಿತು. ‘ಈ ತಾಣದ’ ಎಂಬ ಮಾತನ್ನು ಅವರಿಂದ ಎರಡು ಸಲ ಓದಿಸಿದೆ. ಆಮೇಲೆ ಅಡ್ರೆಸ್ ಬಾರ್‌ನಲ್ಲಿದ್ದ ವಿಳಾಸವನ್ನೂ ಕೊನೆಯ ಅಕ್ಷರದವರೆಗೆ ಓದಿಸಿದೆ. ಸರ್ಕಾರಿ ತಾಣವಾದರೆ ‘ಗವ್ ಡಾಟ್ ಇನ್’ ಅಥವಾ ‘ನಿಕ್ ಡಾಟ್ ಇನ್’ ಎಂದು ಮುಗಿಯುವುದೇ ಹೆಚ್ಚು. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದ್ದು ಈ ಗುರುತು ಹಿಡಿಯುವ ಕಷ್ಟ ತಪ್ಪಲಿ ಎಂದೇ. ವಿಳಾಸ ಸರಿ ಇತ್ತು. ಬಿಡು ಎಂದೆವು, ಮತ್ತೆ ಪ್ರಿಂಟ್ ಒತ್ತಿದೆವು, ರಸೀದಿ ಬಂತು.

ಇದು ಕ್ರೋಮ್‌ನ ಕಥೆ. ಫೈರ್‌ಫಾಕ್ಸ್ ಆದರೆ ಪುಟದ ನೆತ್ತಿಯ ಮೇಲೆ ಉದ್ದಕ್ಕೆ ಒಂದು ಪಟ್ಟಿ ಬಂದು ಹೇಳುತ್ತದೆ. ಮೊಬೈಲಿನಲ್ಲೂ ಸಣ್ಣದೊಂದು ಸೂಚನೆ ಬಂದು ಹೋಗುತ್ತದೆ. ಅವಸರದಲ್ಲಿ ಅದನ್ನು ಪಕ್ಕಕ್ಕೆ ತಳ್ಳುವವರೇ ಜಾಸ್ತಿ. ಇನ್ನೊಂದು ಮುಖ್ಯ ಮಾತು: ಕಾಣದೇ ಹೋದದ್ದು ರಸೀದಿಯಲ್ಲ, ಹಣ ಕಟ್ಟುವ ಪುಟ ಎಂದಾದರೆ ‘ಪೇ’ ಗುಂಡಿಯನ್ನು ಮತ್ತೆ ಒತ್ತಬೇಡಿ. ಮೊದಲು ಖಾತೆ ನೋಡಿ, ದುಡ್ಡು ಹೋಗಿದೆಯೋ ಇಲ್ಲವೋ ಎಂದು. ಎರಡು ಸಲ ಕಟ್ಟಿ ವಾಪಸು ಪಡೆಯಲು ತಿಂಗಳುಗಟ್ಟಲೆ ಅಲೆದವರು ನನ್ನ ತರಗತಿಯಲ್ಲೇ ಇದ್ದಾರೆ.

ಪಾಪ್-ಅಪ್ ಬಿಟ್ಟರೂ ಕೆಲಸ ಆಗದಿದ್ದರೆ? ಲಾಗಿನ್ ಆಗುತ್ತೀರಿ, ಮುಂದಿನ ಪುಟ ಮತ್ತೆ ಲಾಗಿನ್ ಆಗಿ ಎನ್ನುತ್ತದೆ, ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತೀರಿ. ಅಲ್ಲಿ ಅಡ್ಡ ಬಂದಿರುವುದು ಬಹುಮಟ್ಟಿಗೆ ಕುಕಿ.

ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟರೆ ಟೋಕನ್ ಕೊಡುತ್ತಾರಲ್ಲ, ಕುಕಿ ಎಂದರೆ ಅಂಥದ್ದು. ತಾಣಕ್ಕೆ ನಿಮ್ಮ ಮುಖ ನೆನಪಿರುವುದಿಲ್ಲ, ಟೋಕನ್ ನೋಡಿ ಗುರುತು ಹಿಡಿಯುತ್ತದೆ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಇದನ್ನು ಮಾಡಿದ್ದೂ ಇಂಥ ಸರಳ ಕೆಲಸಕ್ಕೇ. ತೊಂದರೆ ಬಂದದ್ದು ಆಮೇಲೆ. ಊರೂರಿನ ದೇವಸ್ಥಾನಗಳ ಮುಂದೆಲ್ಲ ಒಬ್ಬನೇ ಕಂಟ್ರಾಕ್ಟರ್ ಚಪ್ಪಲಿ ಸ್ಟ್ಯಾಂಡ್ ಹಿಡಿದು, ಒಂದೇ ಟೋಕನ್ ಕೊಟ್ಟು, ನೀವು ಯಾವ ದಿನ ಯಾವ ದೇವರಿಗೆ ಹೋದಿರಿ ಎಂದು ಪುಸ್ತಕದಲ್ಲಿ ಬರೆಯತೊಡಗಿದರೆ ಹೇಗೆ? ಹಲವು ತಾಣಗಳೊಳಗೆ ಕೂತಿರುವ ಜಾಹೀರಾತು ಕಂಪನಿಗಳು ಮಾಡುವುದು ಅದನ್ನೇ. ಇದಕ್ಕೆ ಮೂರನೆಯವರ ಕುಕಿ ಎಂದು ಹೆಸರು. ಸಫಾರಿ 2020ರಿಂದ ಇವನ್ನು ಪೂರ್ತಿ ತಡೆಯುತ್ತಿದೆ. ಫೈರ್‌ಫಾಕ್ಸ್ 2022ರಿಂದ ಒಂದೊಂದು ತಾಣದ ಟೋಕನ್ನನ್ನು ಬೇರೆ ಬೇರೆ ಡಬ್ಬಿಯಲ್ಲಿಡುತ್ತದೆ. ತಡೆಯುತ್ತೇವೆಂದು 2020ರಲ್ಲಿ ಹೇಳಿದ್ದ ಗೂಗಲ್, 2024ರಲ್ಲಿ ಆ ಯೋಜನೆ ಕೈಬಿಟ್ಟಿತು. ಜಾಹೀರಾತೇ ಅನ್ನ ಹಾಕುವ ಕಂಪನಿಯಲ್ಲವೇ.

ಆದರೆ ಮೂರನೆಯವರೆಲ್ಲ ಕಳ್ಳರಲ್ಲ. ಕಾಲೇಜಿನ ಪುಟದೊಳಗೆ ತೋರುವ ಪಾಠದ ವಿಡಿಯೊ, ಅಂಗಡಿಯ ಪುಟದೊಳಗಿನ ಹಣ ಕಟ್ಟುವ ಚೌಕಟ್ಟು ಬೇರೆ ಕಂಪನಿಯದಾಗಿದ್ದರೆ ಅವೂ ಇದೇ ತಡೆಗೆ ಸಿಕ್ಕಿಬೀಳುತ್ತವೆ. ಫೈರ್‌ಫಾಕ್ಸ್‌ನಲ್ಲಿ ಅಡ್ರೆಸ್ ಬಾರ್‌ನ ಎಡಕ್ಕಿರುವ ಗುರಾಣಿ ಒತ್ತಿ ಆ ಒಂದು ತಾಣಕ್ಕೆ ಮಾತ್ರ ರಕ್ಷಣೆ ಸಡಿಲಿಸಬಹುದು. ಕ್ರೋಮ್‌ನಲ್ಲಿ ತಡೆ ಹಾಕಿಕೊಂಡಿದ್ದರೆ ಅಡ್ಡಗೆರೆ ಎಳೆದ ಕಣ್ಣಿನ ಗುರುತು ಕಾಣುತ್ತದೆ. ಸಫಾರಿಯಲ್ಲಿ ಹೀಗೆ ಒಂದು ತಾಣಕ್ಕಷ್ಟೇ ಸಡಿಲಿಸಲು ಬರುವುದಿಲ್ಲ. ಹಾಗಾಗಿ ಐಫೋನಿನವರಿಗೂ ಸೇರಿ ನಾನು ಹೇಳುವುದು, ಎರಡು ಬ್ರೌಸರ್ ಇಟ್ಟುಕೊಳ್ಳಿ: ಬ್ಯಾಂಕು, ತೆರಿಗೆ, ಫೀಸು ಇಂಥವಕ್ಕೆ ಒಂದು, ಉಳಿದ ಸುತ್ತಾಟಕ್ಕೆಲ್ಲ ಬಿಗಿಯಾದದ್ದು ಇನ್ನೊಂದು. ‘ಇನ್‌ಕಾಗ್ನಿಟೊದಲ್ಲಿ ನೋಡಿ’, ಅಂದರೆ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ನೋಡಿ ಎಂಬ ಸಲಹೆಯೂ ಕಿವಿಗೆ ಬಿದ್ದಿರುತ್ತದೆ. ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್‌ನಿಂದ ತೊಂದರೆಯಾಗಿದ್ದರೆ ಅಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಕೆಲಸವಾದೀತು. ಕುಕಿಯಿಂದಾದರೆ ಉಪಯೋಗವಿಲ್ಲ, ಕ್ರೋಮ್ ಅಲ್ಲಿ ಮೂರನೆಯವರ ಕುಕಿಯನ್ನು ತಾನಾಗಿಯೇ ತಡೆಯುತ್ತದೆ.

ಮಾಡಬಾರದ್ದು ಯಾವುದು ಎಂದರೆ, ಸಿಟ್ಟು ಬಂದು ಎಲ್ಲ ತಾಣಗಳಿಗೂ ಒಟ್ಟಿಗೆ ಬಾಗಿಲು ತೆಗೆಯುವುದು. ಪಕ್ಕದ ಮನೆಯವರು ಕರಿಬೇವು ಕೊಡಲು ಬಂದರೆಂದು ಸೊಳ್ಳೆ ಜಾಲರಿಯನ್ನೇ ಕಿತ್ತಿಡುತ್ತೇವೆಯೇ? ಜಾಲರಿ ಹಾಕಿದ್ದೂ ‘ನಿಮ್ಮ ಫೋನಿಗೆ ವೈರಸ್ ಬಂದಿದೆ’ ಎನ್ನುವ ಸಂದೇಶ ನಿಲ್ಲುತ್ತಿಲ್ಲವಾದರೆ ಅದು ಪಾಪ್-ಅಪ್ ಅಲ್ಲ, ನೋಟಿಫಿಕೇಷನ್. ‘ನೀವು ರೋಬಾಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ’ ಎಂದು ಯಾವುದೋ ಪುಟ ನಿಮ್ಮಿಂದಲೇ ಒಪ್ಪಿಗೆ ಪಡೆದಿರುತ್ತದೆ. ಅದರ ಪಟ್ಟಿ ಬೇರೆಯೇ ಇದೆ, ಅಲ್ಲಿಂದ ಹೆಸರು ಅಳಿಸಬೇಕು.

ಆ ಪಟ್ಟಿಗಳು ಕ್ರೋಮ್‌ನ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್, ಪ್ರೈವೆಸಿ, ಸೈಟ್ ಸೆಟ್ಟಿಂಗ್ಸ್ ಎಂದು ಇಳಿದರೆ ಸಿಗುತ್ತವೆ. ರಸೀದಿ ಪ್ರಿಂಟ್ ಆಗುತ್ತಿರುವಾಗ ಆ ತಾಯಿಗೆ ಅದನ್ನೂ ತೋರಿಸಿದೆ. ಪಾಪ್-ಅಪ್ ಪಟ್ಟಿಯಲ್ಲಿ ಆಗ ತಾನೇ ಸೇರಿಸಿದ್ದರ ಜೊತೆ ಇನ್ನೂ ಮೂರು ಹೆಸರುಗಳಿದ್ದವು. ‘ಇವ್ಯಾವು ಸರ್, ನಾನು ಹಾಕಿಲ್ಲವಲ್ಲ?’ ಎಂದರು. ಮಗನಿಗೆ ಫೋನ್ ಹೋಯಿತು. ಪುಕ್ಕಟೆ ಕ್ರಿಕೆಟ್ ನೋಡಲು ತೆರೆದದ್ದಂತೆ. ಮೂರನ್ನೂ ಅವರೇ ಅಳಿಸಿದರು.