ಅಪರಿಚಿತರ ಮುಂದೆ ಮೊದಲ ಒಂದು ನಿಮಿಷ



ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ನಮ್ಮ ಮಕ್ಕಳು ವಿದ್ಯಾರ್ಥಿವೇತನದ ನೆರವಿನಿಂದ ಐಟಿಐ, ಡಿಪ್ಲೊಮಾ, ಪದವಿ ಮುಗಿಸುತ್ತಿದ್ದಾರೆ. ಅಂಕಪಟ್ಟಿ ಕೈಗೆ ಬಂದ ಮೇಲೆ ಇನ್ನೊಂದು ಪರೀಕ್ಷೆ ಇದೆ. ಅದಕ್ಕೆ ಪಠ್ಯಪುಸ್ತಕವಿಲ್ಲ. ಆ ಪಾಠವನ್ನು ಇಲ್ಲಿ ಹೇಳಬಯಸುತ್ತೇವೆ.

ಹುಬ್ಬಳ್ಳಿಯ ಒಂದು ಉದ್ಯೋಗ ಮೇಳಕ್ಕೆ ನಾವು ಕೆಲವು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಹಿರೇಕೆರೂರು ಕಡೆಯ ಒಬ್ಬ ಹುಡುಗ, ಡಿಪ್ಲೊಮಾದಲ್ಲಿ ಪ್ರಥಮ ದರ್ಜೆ. ಮಧ್ಯಾಹ್ನದವರೆಗೂ ಗೋಡೆಗೆ ಒರಗಿ ನಿಂತಿದ್ದ. ಕೇಳಿದರೆ, “ಸರ್, ದೊಡ್ಡೋರು ಕರೀಲಾರದ ನಾವಾಗೇ ಹೆಂಗ ಹೋಗಿ ಮಾತಾಡ್ಸೋದು?” ಎಂದ. ಸಂಜೆ ಬರಿಗೈಯಲ್ಲಿ ಬಸ್ಸು ಹತ್ತಿದ. ಆ ಮಾತು ಚುಚ್ಚಿದ್ದು ನಮಗೆ. ದೊಡ್ಡವರ ಮುಂದೆ ಬಾಯಿ ಬಿಡಬೇಡ, ತಲೆ ತಗ್ಗಿಸಿ ನಿಲ್ಲು ಎಂದು ವರ್ಷಗಟ್ಟಲೆ ತರಗತಿಯಲ್ಲಿ ಹೇಳಿದವರು ನಾವೇ. ಮನೆಯಲ್ಲಿ ವಿನಯ ಎನಿಸುವ ಮೌನವನ್ನು ಅಲ್ಲಿ ಕುಳಿತವರು ‘ಇವನಿಗೆ ಏನೂ ಬರುವುದಿಲ್ಲ’ ಎಂದು ಓದುತ್ತಾರೆ.

ಇಂಥ ಕೂಟಗಳಿಗೆ ಏಕೆ ಹೋಗಬೇಕು?

ಕೆಲಸದ ಸುದ್ದಿ ಹೆಚ್ಚಾಗಿ ದೂರದ ಪರಿಚಯದಿಂದ ಬರುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದಕ್ಕೆ ಲೆಕ್ಕವಿದೆ. ಪರಿಚಯಸ್ಥರ ಮೂಲಕ ಕೆಲಸ ಪಡೆದವರನ್ನು ಅವರು ವಿಚಾರಿಸಿದರು. ಆ ಪರಿಚಯಸ್ಥರನ್ನು ಪದೇ ಪದೇ ಭೇಟಿಯಾಗುತ್ತಿದ್ದವರು 100ಕ್ಕೆ ಸುಮಾರು 17 ಮಂದಿ. ಉಳಿದವರು ಅವರನ್ನು ಆಗೊಮ್ಮೆ ಈಗೊಮ್ಮೆ, ಇಲ್ಲವೇ ತೀರ ಅಪರೂಪಕ್ಕೆ ಕಾಣುತ್ತಿದ್ದವರು. ಕಾರಣ ಸರಳ. ನಮ್ಮ ಓಣಿಯವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ; ಹೊಸ ಸುದ್ದಿ ಬೇರೆ ಊರಿನವರ ಬಳಿ ಇರುತ್ತದೆ. 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬೆಂಗಳೂರಿನ ಅರಮನೆ ಮೈದಾನದಲ್ಲಿ ಯುವ ಸಮೃದ್ಧಿ ಸಮ್ಮೇಳನ ನಡೆಸಿತು. ಅಂಥ ಮೇಳಗಳಲ್ಲಿ ಹತ್ತಾರು ಊರಿನವರು ಒಂದೇ ಕಡೆ ಸಿಗುತ್ತಾರೆ. ಗೋಡೆಗೆ ಒರಗಿ ನಿಂತರೆ ಮಾತ್ರ ಯಾರೂ ಸಿಗುವುದಿಲ್ಲ.

ಮೊದಲ ಭೇಟಿಯ ಪಾಠ ನಮ್ಮ ನೆಲದಲ್ಲೇ ಇದೆ. ಶಿಗ್ಗಾವಿ ತಾಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಷರೀಫರು ಕೆಲಕಾಲ ಶಾಲಾ ಮಾಸ್ತರರೂ ಆಗಿದ್ದರು. ಕಳಸದ ಗೋವಿಂದ ಭಟ್ಟರು ಅವರನ್ನು ‘ನಿನ್ನ ಅಪ್ಪ ಯಾರು’ ಎಂದು ಕೇಳಿದರಂತೆ. ನಿಮಗೂ ನನಗೂ ಅಪ್ಪ ಒಬ್ಬನೇ ಎಂಬ ಅರ್ಥದಲ್ಲಿ ಷರೀಫರು ಉತ್ತರಿಸಿದರು ಎಂದು ಜನ ಹೇಳುತ್ತಾರೆ. ಉತ್ತರ ಚಿಕ್ಕದು, ಸ್ವಂತದ್ದು. ಅದರಲ್ಲಿ ಅಂಜಿಕೆಯೂ ಇಲ್ಲ, ಅಗೌರವವೂ ಇಲ್ಲ.

ಹೋಗುವ ಮೊದಲು

ಬರುವ ಕಂಪನಿಗಳಲ್ಲಿ ಮೂರನ್ನು ಆರಿಸಿ, ಅವು ಏನು ತಯಾರಿಸುತ್ತವೆ ಎಂದು ತಿಳಿದುಕೊಳ್ಳಿ. ಸ್ವಪರಿಚಯದ ಪ್ರತಿಗಳನ್ನು ಇಟ್ಟುಕೊಳ್ಳಿ. ಬಟ್ಟೆ ಹೊಸದಿರಬೇಕಿಲ್ಲ, ಒಗೆದು ಇಸ್ತ್ರಿ ಮಾಡಿದ್ದರೆ ಸಾಕು. ಬಸ್ಸು ತಡವಾಗಬಹುದು, ಒಂದು ಗಂಟೆ ಮುಂಚೆ ಹೊರಡಿ.

ಭೇಟಿಯಲ್ಲಿ

ಮುಗುಳ್ನಗುತ್ತ, ಮುಖ ನೋಡಿ ನಮಸ್ಕಾರ ಹೇಳಿ. ನಾಲ್ಕು ವಾಕ್ಯಗಳಲ್ಲಿ ಪರಿಚಯ ಮುಗಿಸಿ: ಹೆಸರು ಮತ್ತು ಊರು, ಓದಿದ್ದು, ಕೈಯಾರೆ ಮಾಡಿದ ಒಂದು ಕೆಲಸ, ನಿಮಗೆ ಬೇಕಾದದ್ದು. ಮೂರನೆಯ ವಾಕ್ಯವೇ ಮುಖ್ಯ. “ಅಪ್ಪನ ಗ್ಯಾರೇಜಿನಲ್ಲಿ ಪಂಪ್‌ಸೆಟ್ ಮೋಟಾರು ಬಿಚ್ಚಿ ಜೋಡಿಸಿದ್ದೇನೆ” ಎಂದು ಹೇಳಲು ಸಂಕೋಚ ಬೇಡ, ಅದೂ ಅನುಭವವೇ. ನಂತರ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ನಡುವೆ ಬಾಯಿ ಹಾಕದೆ ಆಲಿಸಿ. ಇಂಗ್ಲಿಷ್ ತಡವರಿಸಿದರೆ ಕನ್ನಡದಲ್ಲಿ ಮುಂದುವರಿಸಲು ಅನುಮತಿ ಕೇಳಿ. ಬಾರದ್ದನ್ನು ಬರುತ್ತದೆ ಎನ್ನಬೇಡಿ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ಬಣ್ಣ ನೋಡಿ ವ್ಯಾಪಾರಿ ಹತ್ತಿರ ಬರುತ್ತಾನೆ, ಆದರೆ ಚೀಲದೊಳಗೆ ಕೈ ಹಾಕಿದ ಮೇಲೆಯೇ ದರ ಹೇಳುತ್ತಾನೆ.

ಹೆಣ್ಣುಮಕ್ಕಳು ಕೇಳುವ ಪ್ರಶ್ನೆ: ಅಪರಿಚಿತ ಗಂಡಸು ಕೈ ಚಾಚಿದರೆ ಏನು ಮಾಡಬೇಕು? ಬಲಗೈ ಎದೆಯ ಮೇಲಿಟ್ಟು, ನಗುಮುಖದಿಂದ ನಮಸ್ಕಾರ ಹೇಳಿ, ಕೂಡಲೇ ಹೆಸರು ಹೇಳಿ ಮಾತು ಆರಂಭಿಸಿ. ಮಾತು ನಿಲ್ಲದಿದ್ದರೆ ಮುಜುಗರಕ್ಕೆ ಎಡೆಯಿಲ್ಲ. ನಮಾಜಿನ ಹೊತ್ತಾದರೆ “ಹತ್ತು ನಿಮಿಷದಲ್ಲಿ ಬರುತ್ತೇನೆ” ಎಂದು ಹೇಳಿ ಹೋಗಿ, ಹೇಳಿದ ಹೊತ್ತಿಗೆ ಮರಳಿ ಬನ್ನಿ.

ಮರಳಿದ ಮೇಲೆ

ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಯಾರನ್ನು ಕಂಡೆವು, ಏನು ಮಾತಾಡಿದೆವು ಎಂದು ಅಂದೇ ರಾತ್ರಿ ಬರೆದಿಡಿ. ಮರುದಿನ ಎರಡು ಸಾಲಿನ ಧನ್ಯವಾದ ಕಳಿಸಿ, ಅದರಲ್ಲಿ ಆಡಿದ ಒಂದು ಮಾತನ್ನು ನೆನಪಿಸಿ. ಉತ್ತರ ಬಾರದಿದ್ದರೆ ವಾರದ ನಂತರ ಒಮ್ಮೆ ಕೇಳಿ. ದಿನವೂ ಕಾಡಬೇಡಿ.

ಪಾಲಕರಲ್ಲಿ ಮತ್ತು ದಾನಿಗಳಲ್ಲಿ

ಪಾಲಕರೇ, ಮನೆಗೆ ಬಂದ ಅತಿಥಿಗಳೊಂದಿಗೆ ಮಕ್ಕಳು ನಾಲ್ಕು ಮಾತಾಡಲಿ, ಅವರನ್ನು ಒಳಗೆ ಕಳಿಸಬೇಡಿ. ಮಗಳು ಹುಬ್ಬಳ್ಳಿಗೆ ಹೋಗಬೇಕೆಂದರೆ ಬೇಡ ಎನ್ನುವ ಮೊದಲು, ನೀವೂ ಒಮ್ಮೆ ಜೊತೆಗೆ ಹೋಗಿ ನೋಡಿ ಬನ್ನಿ.

ದಾನಿಗಳೇ, ನಿಮ್ಮ ಹಣದಿಂದ ಶುಲ್ಕ ತುಂಬುತ್ತದೆ. ಆದರೆ ನಮ್ಮ ಮಕ್ಕಳಲ್ಲಿ ಅನೇಕರಿಗೆ ಕಚೇರಿಯಲ್ಲಿ ಕೆಲಸ ಮಾಡುವ ಒಬ್ಬರ ಪರಿಚಯವೂ ಇಲ್ಲ. ಆ ದೂರದ ಪರಿಚಯ ನೀವೇ ಆಗಬಹುದು. ವರ್ಷಕ್ಕೊಮ್ಮೆ ಒಬ್ಬ ವಿದ್ಯಾರ್ಥಿಗೆ ಹತ್ತು ನಿಮಿಷ ಫೋನಿನಲ್ಲಿ ಕೊಡಿ. ಅದೂ ಸದಕಾ.

ಅಭ್ಯಾಸ: ಈ ಸಾಲಿನ ಸಂದರ್ಶನಕ್ಕೆ ಬರುವ ವಿದ್ಯಾರ್ಥಿಗಳು ಮೇಲಿನ ನಾಲ್ಕು ವಾಕ್ಯಗಳನ್ನು ಬರೆದು, ಮನೆಯವರ ಮುಂದೆ ನಿಂತು ಹತ್ತು ಸಲ ಹೇಳಿಕೊಂಡು ಬನ್ನಿ. ಅದಕ್ಕೆ ಅಂಕವಿಲ್ಲ. ತಪ್ಪಿದರೆ ನಾವು ನಗುವುದಿಲ್ಲ, ತಿದ್ದುತ್ತೇವೆ.

ಮೇಳದಿಂದ ಬರಿಗೈಯಲ್ಲಿ ಮರಳಿದ ಆ ಹುಡುಗನಿಗೆ ಈ ನಾಲ್ಕು ವಾಕ್ಯಗಳನ್ನು ನಾವು ಮೊದಲೇ ಕಲಿಸಬೇಕಿತ್ತು. ಅಲ್ಲಾಹನು ನಿಮ್ಮ ಶ್ರಮಕ್ಕೆ ಬರಕತ್ ನೀಡಲಿ.